ಸುಫಿಯಾ ಬರೆದ ಆರು ಸಾಲು

ಕೃಷ್ಣರಾಜನಗರದಲ್ಲಿ ಲೇತ್ ಓಡಿಸುವ ಟರ್ನರ್ ಖದೀರ್ ಅವರ ಮಗಳು ಸುಫಿಯಾ ಹನ್ನೊಂದು ವರ್ಷದಿಂದ ಬಸ್ಸಿನಲ್ಲಿ ಹುಣಸೂರಿಗೆ ಹೋಗಿಬಂದು ಕೆಲಸ ಮಾಡುತ್ತಿದ್ದಳು. ಅಲ್ಲಿನ ಸಣ್ಣ ಕಾರ್ಖಾನೆಯೊಂದು ತಂಬಾಕು ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ ಮನೆಗಳ ಶಾಖ ಅಳೆಯುವ ಪೆಟ್ಟಿಗೆ ತಯಾರಿಸುತ್ತಿತ್ತು. ಪೆಟ್ಟಿಗೆಯೊಳಗಿನ ಪ್ರೋಗ್ರಾಮ್ ಬರೆಯುವವಳು ಇವಳೇ. ಅದರ ಬಿಡಿ ಫೈಲುಗಳನ್ನು ಒಂದಾಗಿ ಕಟ್ಟಿಕೊಡಲು ಒಂದು ಪುಕ್ಕಟೆ ಸಾಫ್ಟ್‌ವೇರ್ ಇತ್ತು. ಯಾವ ಫೈಲು ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಸಾಲುಸಾಲಾಗಿ ಬರೆದು ಹೇಳಬೇಕು.

ಹೋದ ಸೀಸನ್ನಿನ ಆರಂಭದಲ್ಲೇ ನಲವತ್ತು ಪೆಟ್ಟಿಗೆಗಳು ತಪ್ಪು ಶಾಖ ತೋರಿಸಿದವು. ಹೊಸ ಫೈಲಿನ ಮೇಲೆ ಹಳೆಯದು ಬಂದು ಕೂತಿತ್ತು. ಓದಿ ಕೆಲಸ ಮಾಡಲು ಬರುವುದಿಲ್ಲವೇ ಎಂದು ಮ್ಯಾನೇಜರ್ ಶಶಿಕುಮಾರ್ ಎಲ್ಲರ ಮುಂದೆ ಬೈದು, ತಪ್ಪೊಪ್ಪಿಗೆ ಬರೆದುಕೊಡು ಎಂದರು.

“ಬರೆಯಲ್ಲ ಸಾರ್. ಆ ಸಾಫ್ಟ್‌ವೇರಿನ ಕೈಪಿಡೀಲೇ ಇಲ್ದಿದ್ದನ್ನ ನಾನೆಲ್ಲಿಂದ ಓದ್ಲಿ?”

ಅದು ನಿಜವೇ ಆಗಿತ್ತು. ಆ ಸಾಲುಗಳನ್ನು ಈಗಿನ ರೀತಿಯಲ್ಲಿ ‘ಎಲ್ಲಿಂದ’, ‘ಎಲ್ಲಿಗೆ’ ಎಂದು ಹೆಸರು ಹಾಕಿ ಬರೆಯಬೇಕು. ಹಳೆಯ ರೀತಿಯಲ್ಲಿ ಹೆಸರಿಲ್ಲ, ಬರೀ ಎರಡು ಫೈಲು. ಹಳೆಯದೂ ನಡೆಯುತ್ತದೆ ಎಂದಷ್ಟೇ ಹೇಳಿ ಕೈಪಿಡಿ ಸುಮ್ಮನಾಗಿತ್ತು. ಕಾರ್ಖಾನೆಯ ಹಳೇ ಸಾಲುಗಳ ನಡುವೆ ತಾನೂ ಒಂದನ್ನು ಸೇರಿಸುವಾಗ ಸುಫಿಯಾ ‘ಎಲ್ಲಿಂದ’ ಎಂಬುದನ್ನೇ ಮೊದಲು ಬರೆದಿದ್ದಳು. ಪೆಟ್ಟಿಗೆಗಳು ಕೈಕೊಟ್ಟ ಮೇಲೆ ಪರೀಕ್ಷೆಗೆಂದು ಎರಡು ಫೈಲು ಮಾಡಿ ಹಿಂದುಮುಂದಾಗಿ ಓಡಿಸಿ ನೋಡಿದಾಗ ಗುಟ್ಟು ಬಯಲಾಯಿತು: ಹಳೆಯ ರೀತಿಯಲ್ಲಿ ‘ಎಲ್ಲಿಗೆ’ ಎಂಬುದೇ ಮೊದಲು.

ಅದನ್ನು ಆರು ಸಾಲಿನಲ್ಲಿ ಬರೆದು, ಕೈಪಿಡಿಗೆ ಸೇರಿಸಿ ಎಂದು ಆ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಕಳಿಸಿದಳು. ಹಳೆಯದನ್ನು ವಿವರಿಸಿದರೆ ಜನ ಅದನ್ನೇ ಬಳಸುತ್ತಾರೆ, ಬೇಡ ಎಂದು ಎಲ್ಲೋ ದೂರದೇಶದಿಂದ ಉತ್ತರ ಬಂತು. ತೆಗೆಯುವುದಾದರೆ ತೆಗೆದುಹಾಕಿ, ಅದು ಓಡುತ್ತಿರುವಷ್ಟು ದಿನ ಹೇಗೆ ಓಡುತ್ತದೆಂದು ಹೇಳಲೇಬೇಕು ಎಂದು ಇವಳು ತಿರುಗಿ ಬರೆದಳು. ಕೆಲವು ದಿನ ಕಾದು ಮತ್ತೆ ಬರೆದಳು.

ಇತ್ತ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ರಮ್ಯಶ್ರೀಗೆ ಇವಳ ಕೆಲಸ ಹೋದೀತೆಂಬ ಭಯ. “ಬುಡಕ್ಕ, ಒಂದ್ ಕಾಗದ ತಾನೆ. ಬರ್ಕೊಟ್ಬುಡು.”

“ಒಂದ್ಸಲ ಬರ್ಕೊಟ್ರೆ ನಂಗೆ ಓದಕ್ಕೆ ಬರಲ್ಲ ಅಂತ್ಲೇ ಆಯ್ತದೆ ಕಣೆ.”

ಮೂರನೇ ಸಲ ಬರೆದದ್ದನ್ನು ಆ ದೂರದೇಶದವರಲ್ಲೇ ಬೇರೊಬ್ಬರು ಓದಿ, ತಾವೇ ಓಡಿಸಿ ನೋಡಿ, ಅವಳ ಆರು ಸಾಲನ್ನು ಒಂದಕ್ಷರವೂ ಬದಲಿಸದೆ ಕೈಪಿಡಿಗೆ ಸೇರಿಸಿದರು. ಸುಫಿಯಾ ಆ ಪುಟವನ್ನು ಪ್ರಿಂಟ್ ಹಾಕಿಸಿ ಶಶಿಕುಮಾರ್ ಮೇಜಿನ ಮೇಲಿಟ್ಟಳು. ಸರಿ, ಆಮೇಲೆ ನೋಡುತ್ತೇನೆ ಎಂದು ಅವರು ಫೋನಿಗೆ ಕೈಹಾಕಿದರು.

“ಅವತ್ತು ಎಲ್ರ ಮುಂದೆ ಅಂದ್ರಿ ಸಾರ್. ಇದನ್ನೂ ಎಲ್ರ ಮುಂದೆ ಓದಿ.”

ಅವರು ಸುತ್ತ ನೋಡಿದರು. ಕೆಲಸದವರೆಲ್ಲ ಕೈ ನಿಲ್ಲಿಸಿದ್ದರು. ಕನ್ನಡಕ ಹಾಕಿಕೊಂಡು, ತಡವರಿಸುತ್ತ, ಆರೂ ಸಾಲನ್ನು ಗಟ್ಟಿಯಾಗಿ ಪೂರಾ ಓದಿದರು. ಸುಫಿಯಾ ಕೊನೆಯವರೆಗೂ ನಿಂತೇ ಕೇಳಿದಳು.