ಹಳೇ ಸ್ಕೀಮಿನ ಕನಕಣ್ಣ

"ನಮ್ ಸ್ಕೀಮೇ ಬೇರೆ ಕಣ್ರಪ್ಪಾ, ನಿಮ್ದೂ ಒಂದ್ ಸಿಲಬಸ್ಸಾ?" ಎಂದು ಹೊಸ ಹುಡುಗರನ್ನು ರೇಗಿಸುತ್ತಲೇ ಕಡಬದ ಕನಕಣ್ಣ ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೇರು ಬಿಟ್ಟಿದ್ದ. ಸಿಲಬಸ್ಸು ಎರಡು ಸಲ ಬದಲಾಯಿತು. ಅವನ ಡ್ರಾಯಿಂಗ್ ಪೇಪರು ಮಾತ್ರ ಹಾಗೇ ಬಾಕಿ ಉಳಿಯಿತು. ಪ್ರತಿ ಪರೀಕ್ಷೆಗೂ ಗೆರೆ ಎಳೆಯುವ ಮಿನಿ ಡ್ರಾಫ್ಟರನ್ನು ಗದೆಯಂತೆ ಹೆಗಲಿಗೇರಿಸಿ ಗುಬ್ಬಿ ಬಸ್ಸಿಳಿಯುತ್ತಿದ್ದವನು ರಬ್ಬರನ್ನು ಮಾತ್ರ ಎಂದೂ ತಂದವನಲ್ಲ. "ಪಕ್ಕದೋರ ಹತ್ರ ಇಸ್ಕೊಂಡ್ರೇ ಪರಿಚಯ ಆಗೋದು ಕಣ್ಲಾ" ಅನ್ನುತ್ತಿದ್ದ. ಹಾಗೆ ಪರಿಚಯವಾದವರೆಲ್ಲ ಪಾಸಾಗಿ ಹೋದರು. ಹಳೇ ಸ್ಕೀಮಿಗೆ ಇದೇ ಕೊನೇ ಚಾನ್ಸು ಅಂತ ನೋಟಿಸ್ ಬಿದ್ದ ವರ್ಷ ಅಷ್ಟು ದೊಡ್ಡ ಹಾಲಿನಲ್ಲಿ ಅವನೊಬ್ಬನೇ ಕೂತ. ಮೊದಲ ಗೆರೆಯೇ ತಪ್ಪಿತು. ಹಾಳೆಯಿಂದ ಕಣ್ಣೆತ್ತದೆ, "ರಬ್ಬರ್ ಕೊಡಪ್ಪಾ" ಎಂದು ಪಕ್ಕಕ್ಕೆ ಕೈ ಚಾಚಿದ. ಎಷ್ಟು ಹೊತ್ತಾದರೂ ಆ ಕೈಗೆ ಏನೂ ಬೀಳಲಿಲ್ಲ.