ಒರೆಸಬಾರದ ಭಂಡಾರ

ಕೂಡ್ಲಿಗಿ ಸೀಮೆಯ ಆ ಊರಿನಲ್ಲಿ ಬೀರಪ್ಪನ ಪೂಜಾರಿ ಕರಿಸಿದ್ದಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳದ ಹಣೆಯಿಲ್ಲ. ಕುರಿಯ ಕಾಲು ಉಳುಕಿದರೂ ಸರಿ, ಸೊಸೆ ಮುನಿಸಿಕೊಂಡು ತವರಿಗೆ ಹೋದರೂ ಸರಿ, ಜನ ಅವನ ಅರಿಶಿನಪುಡಿಗೇ ಬರುತ್ತಿದ್ದರು. ಹಚ್ಚಿದ ಮೇಲೆ ಅವನದು ಒಂದೇ ಕಟ್ಟಪ್ಪಣೆ: ಭಂಡಾರವನ್ನು ಒರೆಸಬಾರದು, ತೊಳೆಯಬಾರದು, ತಾನಾಗಿಯೇ ಉದುರಬೇಕು. ಊರಿಗೆಲ್ಲ ಹೇಳಿದ ಮಾತು ತನಗೇ ಮುಳುವಾದೀತೆಂದು ಪಾಪ, ಅವನಿಗೇನು ಗೊತ್ತು!

ಒಂದು ಬೆಳಗ್ಗೆ ಹಟ್ಟಿಯಲ್ಲಿ ಟಗರಿನ ಕೊಂಬು ತಾಗಿ ಅವನ ಎಡಹುಬ್ಬು ತರಚಿತು. ಉಗುರಗಲದ ಗಾಯ. ಒಂದು ಚಿಟಿಕೆ ಭಂಡಾರ ಒತ್ತಿಕೊಂಡು ಕುರಿ ಹೊಡೆದುಕೊಂಡು ಹೋದ. ಮರುದಿನ ಕಣ್ಣು ಊದಿ ಮುಚ್ಚಿತು, ಜ್ವರ ಏರಿತು, ನೋವು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವಷ್ಟಾಯಿತು. ಅವನು ಇನ್ನಷ್ಟು ಭಂಡಾರ ಮೆತ್ತಿಕೊಂಡ. ಅದರ ಮಾರನೇ ಬೆಳಗ್ಗೆ ನೋವು ತಟ್ಟನೆ ನಿಂತಿತು.

“ನೋಡಿದೇನವ್ವ? ಬೀರಪ್ಪ ಕೈ ಬಿಡಲಿಲ್ಲ,” ಎಂದು ಸೊಸೆ ಪುಷ್ಪಲತಾಳ ಮುಂದೆ ಹಿಗ್ಗಿದ.

“ನೋವಿಲ್ಲಂತೀರಿ, ಮೈ ನೋಡಿದ್ರ ಕೆಂಡ ಆಗೈತಿ. ಮಾತೂ ತೊದಲಾಕತ್ತೈತಿ. ಏಳ್ರಿ ಮಾವ,” ಎಂದು ಅವಳು ಅವನನ್ನು ಆಟೋ ಹತ್ತಿಸಿದಳು. ಹೆಣ್ಣುಮಗಳ ಹಟದ ಮುಂದೆ ಪೂಜಾರಿಕೆ ನಡೆಯಲಿಲ್ಲ.

ಕೂಡ್ಲಿಗಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹತ್ತಿಯನ್ನು ನೀರಿಗೆ ಅದ್ದಿದ ಕೂಡಲೇ ಮುದುಕ ಅವರ ಕೈ ಹಿಡಿದ. “ಬ್ಯಾಡ್ರಿ. ಅದು ದೇವರು.”

“ಇದರ ಕೆಳಗೇನೈತಿ ನಾನು ನೋಡಬೇಕು ಅಜ್ಜಾರ.”

ಅವನು ಹಿಡಿದ ಕೈ ಬಿಡಲಿಲ್ಲ. ಆಗ ಪುಷ್ಪಲತಾ ಆ ಹತ್ತಿಯನ್ನು ತಾನೇ ತೆಗೆದುಕೊಂಡಳು. “ಪಾಪ ಬಂದ್ರ ನನಗ ಬರ್ಲಿ,” ಎಂದು ಮಾವನ ಮುಖ ಒರೆಸಿದಳು. ಹಳದಿ ಕರಗಿದ ಕಡೆ ರೆಪ್ಪೆಯ ಚರ್ಮ ಸುಟ್ಟ ಬದನೆಕಾಯಿ ಸಿಪ್ಪೆಯಂತೆ ಕಪ್ಪಾಗಿತ್ತು.

“ಮಾಂಸ ಕೊಳಿತಾ ಐತಿ, ಚರ್ಮದ ಕೆಳಗೇ ಹರಡ್ತೈತಿ,” ಎಂದರು ಡಾಕ್ಟರಮ್ಮ. “ಸೂಜಿಮದ್ದು ಈಗಲೇ ಹಾಕ್ತೀನಿ. ಆದ್ರ ಬಳ್ಳಾರಿಗೆ ಹೋಗಿ ಸತ್ತಿದ್ದನ್ನೆಲ್ಲ ಇವತ್ತೇ ಕೊಯ್ದು ತೆಗೆಸಬೇಕು. ತಡ ಆದ್ರ ಕಣ್ಣಷ್ಟೇ ಅಲ್ಲ, ಜೀವಾನೂ ಹೋಗ್ತೈತಿ.”

“ನೋವು ಹೋಗೈತಲ್ರಿ!”

“ಅಜ್ಜಾರ, ಚರ್ಮ ಸತ್ತೈತಿ. ಅದಕ್ಕ ನೋವು ಹೋಗೈತಿ.”

ಕರಿಸಿದ್ದಪ್ಪ ಇನ್ನೂ ಹಿಡಿದೇ ಇದ್ದ ಡಾಕ್ಟರಮ್ಮನ ಕೈಯನ್ನು ಬಿಟ್ಟ. ಇಷ್ಟು ವರ್ಷ ನೋವು ನಿಂತಿತು ಎಂದವರಿಂದೆಲ್ಲ ಅವನು ದೇವರಿಗೆ ಕಾಯಿ ಒಡೆಸಿದ್ದ. ಅವರಲ್ಲಿ ಎಷ್ಟು ಮಂದಿಯದು ನಿಜವಾಗಿ ವಾಸಿಯಾಗಿತ್ತೋ, ಎಷ್ಟು ಮಂದಿಯದು ಹೀಗೆ ಒಳಗೇ ಸತ್ತಿತ್ತೋ? “ಕೊಯ್ಯಲಿ ನಡಿಯವ್ವ,” ಎಂದ.

ಬಳ್ಳಾರಿಯಲ್ಲಿ ಕೊಯ್ದರು, ಸಾಲದೆಂದು ಮತ್ತೊಮ್ಮೆ ಕೊಯ್ದರು. ರೆಪ್ಪೆಯ ಚರ್ಮ ಪೂರ್ತಿ ಹೋಯಿತು, ಕಣ್ಣುಗುಡ್ಡೆ ಉಳಿಯಿತು. ಗಾಯ ಕೆಂಪಗೆ ಮಾಗಿದ ಮೇಲೆ ತೊಡೆಯ ಚರ್ಮ ತಂದು ಹೊಲಿದರು. ಪಟ್ಟಿ ಬಿಚ್ಚಿದ ದಿನ ಅವನು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಸೊಸೆಯತ್ತ ತಿರುಗಿ, “ನಿನ್ನ ಸೀರಿ ಹಸರೈತಿ,” ಎಂದ. ಪುಷ್ಪಲತಾ ಬಾಯಿಗೆ ಸೆರಗು ಒತ್ತಿಕೊಂಡಳು.

ಈಗ ಆ ಕಣ್ಣು ನಿದ್ದೆಯಲ್ಲೂ ಪೂರಾ ಮುಚ್ಚುವುದಿಲ್ಲ. “ಪೂಜಾರಪ್ಪ ಮಲಗಿದ್ದಾಗಲೂ ನಮ್ಮನ್ನ ಕಾಯ್ತಾನ,” ಎಂದು ಊರವರು ನಗುತ್ತಾರೆ, ಅವನೂ ನಗುತ್ತಾನೆ.

ಮೊನ್ನೆ ನಾಗಕ್ಕ ಎಂಬಾಕೆ ಕೆನ್ನೆ ಊದಿದ ಮಗುವನ್ನು ಎತ್ತಿಕೊಂಡು ಗುಡಿಗೆ ಬಂದಳು. “ರಾತ್ರಿಯೆಲ್ಲ ಚೀರಿ ಚೀರಿ ಅತ್ತಾನ. ಈಗ ಸುಮ್ಮನಾಗ್ಯಾನ ಪೂಜಾರಪ್ಪ, ನೋವು ಕಡಿಮಿ ಆಗೈತಿ. ಸ್ವಲ್ಪ ಭಂಡಾರ ಹಚ್ಚು.”

ಸುಮ್ಮನಾಗಿದ್ದಾನೆ ಎಂದದ್ದೇ ತಡ, ಮುದುಕ ಎದ್ದು ನಿಂತ. ಭಂಡಾರದ ಚೀಲಕ್ಕೆ ಹೋದ ಕೈ ಮಗುವಿನ ಬಳಿ ಸುಳಿಯಲಿಲ್ಲ, ತಾಯಿಯ ಹಣೆಗೆ ಹೋಯಿತು.

“ಮಗೀಗೆ ಹಚ್ಚು ಅಂದ್ರ...”

“ಬ್ಯಾನಿ ಮಗೀದು, ಅಂಜಿಕಿ ನಿಂದು. ನಾನು ಅಂಜಿಕಿಗಷ್ಟ ಹಚ್ಚತೀನಿ,” ಎಂದ ಕರಿಸಿದ್ದಪ್ಪ. “ನಡಿ, ಕೂಡ್ಲಿಗಿ ಬಸ್ಸು ಬರೋ ಹೊತ್ತಾತು. ನಾನೂ ಬರ್ತೀನಿ.”