ಭಾವನವರ ಹಸಿರು ಶಾಯಿಗಳು

ನನ್ನ ಅಕ್ಕನ ಗಂಡ ರೈಲು ಓಡಿಸುತ್ತಿದ್ದರು. ದಿನವಿಡೀ ಹಸಿರು ದೀಪಕ್ಕೆ ಕಾದು ಮನೆಗೆ ಬಂದವರು, ಮನೆಯಲ್ಲೂ ಹಸಿರನ್ನೇ ಹರವಿಕೊಂಡು ಕೂರುತ್ತಿದ್ದರು. ಅವರಿಗಿದ್ದ ಒಂದೇ ಚಟ ಫೌಂಟನ್ ಪೆನ್ನಿನ ಹಸಿರು ಶಾಯಿ. ನೀಲಿಯಲ್ಲಿ, ಕಪ್ಪಿನಲ್ಲಿ ಊರಿಗೆ ಊರೇ ಬರೆಯುತ್ತದೆ, ಅದರಲ್ಲೇನು ಸುಖ ಎನ್ನುತ್ತಿದ್ದರು. ಅಕ್ಕ ಅವರಿಗೆ ‘ಗಿಳಿರಾಯ’ ಎಂದು ಹೆಸರಿಟ್ಟಿದ್ದಳು.

ಶಾಯಿ ಆರಿಸುವುದಕ್ಕೆ ಅವರದೇ ಒಂದು ಕ್ರಮವಿತ್ತು. ಸೀಸೆಯಲ್ಲಿ ಕಾಣುವ ಬಣ್ಣವನ್ನು ನಂಬುತ್ತಿರಲಿಲ್ಲ. ನಿಬ್ಬು ಅದ್ದಿ ಒಂದು ಸಾಲು ಬರೆದು, ಒಣಗುವವರೆಗೂ ಕಿಟಕಿಯ ಬಳಿ ಹಿಡಿದು ನಿಲ್ಲುತ್ತಿದ್ದರು. ಹಸಿಯಿದ್ದಾಗ ಮಿಂಚಿದ ಎಷ್ಟೋ ಶಾಯಿ ಒಣಗಿದ ಮೇಲೆ ಸಪ್ಪೆಯಾಗುತ್ತಿತ್ತು. ಕೆಲವು ಮಾತ್ರ ಗೆರೆಯ ತುದಿಯಲ್ಲಿ ಮಡುಗಟ್ಟಿ, ಒಂದೇ ಅಕ್ಷರದಲ್ಲಿ ಎಳೆ ಚಿಗುರನ್ನೂ ಬಲಿತ ಎಲೆಯನ್ನೂ ತೋರಿಸುತ್ತಿದ್ದವು. ಅಂಥದೊಂದು ಸಿಕ್ಕ ದಿನ ದಿನಪತ್ರಿಕೆಯ ಅಂಚನ್ನೂ ಬಿಡದೆ ಗೀಚುತ್ತಿದ್ದರು. ಪಾಚಿ ಬಣ್ಣದ್ದೆಂದರೆ ಅವರಿಗೆ ಪ್ರಾಣ. ಅದರಲ್ಲಿ ಬರೆದರೆ ತಮ್ಮ ಕೋಳಿಕಾಲು ಅಕ್ಷರಕ್ಕೂ ಒಂದು ತೂಕ ಬರುತ್ತದೆಂದು ಹೇಳಿಕೊಳ್ಳುತ್ತಿದ್ದರು.

ಆ ವರ್ಷ ಅವರಿಗೆ ಕ್ಷಯ ತಗುಲಿತು. ಮದ್ದು ಹಿಡಿಯಿತು, ಕೆಮ್ಮು ನಿಂತಿತು, ಕೆಲಸಕ್ಕೆ ಹೋಗಬಹುದೆಂದು ವೈದ್ಯರು ಚೀಟಿ ಕೊಟ್ಟರು. ಮಾತ್ರೆಗಳನ್ನು ಮಾತ್ರ ಇನ್ನೂ ಬಹಳ ದಿನ ನುಂಗಬೇಕಿತ್ತು. ಕಣ್ಣು ಮಂಜಾದರೆ ತಕ್ಷಣ ಬಂದು ಹೇಳಿ ಎಂದೂ ಎಚ್ಚರಿಸಿದ್ದರು. ಕಣ್ಣು ಮಂಜಾಗಲಿಲ್ಲ. ಅಕ್ಕನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರು ಆಗಲೂ ಭಾವನವರೇ.

ಕೆಲಸಕ್ಕೆ ಮರಳಿದ ಸ್ವಲ್ಪ ದಿನಕ್ಕೆ ನನ್ನನ್ನು ಶಾಯಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯಾತ ಅವರನ್ನು ಚೆನ್ನಾಗಿ ಬಲ್ಲವನು. ಕೇಳುವ ಮೊದಲೇ ಪಾಚಿ ಬಣ್ಣದ ಸೀಸೆ ಮುಂದಿಟ್ಟ. ಭಾವ ಒಂದು ಸಾಲು ಬರೆದು, ಒಣಗಿಸಿ, ಮೂತಿ ಸೊಟ್ಟ ಮಾಡಿದರು. ಇನ್ನೊಂದು, ಮತ್ತೊಂದು ಕೇಳಿದರು. ಎಲ್ಲವೂ ಬೂದಿಯ ಹಾಗಿವೆ, ಹಳೇ ಮಾಲು ತಲೆಗೆ ಕಟ್ಟುತ್ತಿದ್ದೀಯ ಎಂದು ಅಂಗಡಿಯಾತನ ಮೇಲೆ ರೇಗಿದರು. ಆತ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದ. ನನಗಾದರೋ ಆ ಸಾಲುಗಳೆಲ್ಲ ಹಸಿರಾಗಿ ಕಣ್ಣಿಗೆ ಹೊಡೆಯುವಂತಿದ್ದವು. ಕೊನೆಗೆ ಭಾವ ತಾವೇ ಕಪಾಟಿನಿಂದ ಒಂದು ಸೀಸೆ ಆರಿಸಿ, ಇದು ಪರವಾಗಿಲ್ಲ ಎಂದರು. ಅದು ಕಂದು ಶಾಯಿ. ನಾನು ಹಾಗೆಂದಾಗ ಅಂಗಡಿಯ ಬೆಳಕು ಸರಿಯಿಲ್ಲ ಎಂದು ನಕ್ಕರು. ನಗು ತುಟಿಯಿಂದ ಮೇಲೇರಲಿಲ್ಲ.

ಮನೆ ತಲುಪಿದವನೇ ಅಕ್ಕನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಅವಳು ಒಳಗೆ ಹೋಗಿ ಒಂದು ಹಾಳೆಯಲ್ಲಿ ಕೆಂಪು, ಹಸಿರು, ಆಗಷ್ಟೇ ಕೊಂಡು ತಂದಿದ್ದ ಕಂದು ಶಾಯಿಯಿಂದ ಗೆರೆ ಎಳೆದು, ಬಿಸಿಲು ಬೀಳುತ್ತಿದ್ದ ಮೇಜಿನ ಮೇಲೆ ಗಂಡನ ಮುಂದಿಟ್ಟಳು.

“ರೀ, ಇದ್ರಲ್ಲಿ ಕೆಂಪು ಯಾವುದು?”

ಭಾವ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಬೆರಳು ಹಸಿರು ಗೆರೆಯ ಮೇಲೆ ನಿಂತು, ಅಲುಗಿ, ಹಿಂದೆ ಸರಿಯಿತು.

“ಎಷ್ಟು ದಿನದಿಂದ ಹೀಗೆ?”

“ಸರಿಯಾಗಿ ಗೊತ್ತಿಲ್ಲ ಕಣೇ. ಮೊದ್ಲು ಬರೀ ಮಂಕಾಗಿ ಕಾಣ್ತಿತ್ತು.”

“ಮತ್ತೆ ಗಾಡಿ ಹೇಗೆ ಓಡಿಸ್ತಿದ್ರಿ?”

ಭಾವ ತಗ್ಗಿಸಿದ ತಲೆ ಎತ್ತದೆ ಹೇಳಿದರು. ಮುಂದೆ ದೀಪ ಕಂಡಾಗ ಚಾಲಕನೂ ಸಹಾಯಕನೂ ಅದರ ಬಣ್ಣವನ್ನು ಕೂಗಿ ಹೇಳಬೇಕೆಂಬುದು ನಿಯಮ. ಅವರು ಸಹಾಯಕ ಕೂಗುವವರೆಗೆ ಕಾದು, ಅದನ್ನೇ ತಾವೂ ಕೂಗುತ್ತಿದ್ದರು. ಕಂಬದಲ್ಲಿ ದೀಪ ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ನೋಡಿ ಅಂದಾಜು ಕಟ್ಟುತ್ತಿದ್ದರು. ಬೆಳಿಗ್ಗೆ ಮತ್ತೆ ಗಾಡಿ ಹತ್ತಬೇಕಿತ್ತು.

“ಹಿಂದಿನ ಡಬ್ಬಿಗಳಲ್ಲಿ ಕೂತಿರೋರು ಯಾರ ಮನೆಯೋರು ಅಂದ್ಕೊಂಡಿದ್ದೀರಿ?” ಎಂದಳು ಅಕ್ಕ. ದನಿ ಏರಿಸಲಿಲ್ಲ.

ಭಾವ ಎದ್ದು ಅಂಗಿ ತೊಟ್ಟರು. ಆಗಲೇ ನನ್ನ ಜೊತೆ ಕಚೇರಿಗೆ ನಡೆದು, ತಮ್ಮನ್ನು ಗಾಡಿ ಓಡಿಸುವ ಕೆಲಸದಿಂದ ಇಳಿಸಿ ಎಂದು ಮೇಲಧಿಕಾರಿಗೆ ತಾವೇ ಹೇಳಿದರು. ಕಣ್ಣಿನ ವೈದ್ಯರು ಕ್ಷಯದ ಮಾತ್ರೆಯೊಂದು ಕಣ್ಣಿನ ನರಕ್ಕೆ ಪೆಟ್ಟು ಕೊಟ್ಟಿದೆಯೆಂದು ಪತ್ತೆಹಚ್ಚಿ, ಅದನ್ನು ಅಂದೇ ನಿಲ್ಲಿಸಿ ಬೇರೆ ಮದ್ದು ಬರೆಸಿದರು. ಹಾಗೇ ಬಿಟ್ಟಿದ್ದರೆ ಅಕ್ಷರವೂ ಕಾಣದಂತಾಗುತ್ತಿತ್ತಂತೆ.

ಬಣ್ಣಗಳು ತಿಂಗಳುಗಟ್ಟಲೆ ತಡೆದು ಮರಳಿದವು. ಗಿಳಿಹಸಿರು ಮರಳಿದ ದಿನ ಭಾವ ಆ ಬಣ್ಣದ ಸೀಸೆಯನ್ನು ಎದೆಗವಚಿಕೊಂಡು ಮನೆಯೆಲ್ಲ ಓಡಾಡಿದರು. ಕಡು ಹಸಿರುಗಳು ಮಾತ್ರ ಇಂದಿಗೂ ಒಂದರೊಳಗೊಂದು ಕಲೆತೇ ಕಾಣುತ್ತವೆ. ಚಾಲಕನ ಕೆಲಸ ಮತ್ತೆ ಸಿಗಲಿಲ್ಲ; ಈಗ ಯಾವ ಗಾಡಿಗೆ ಯಾವ ಚಾಲಕ ಎಂದು ಗೊತ್ತುಮಾಡುವ ಕೋಣೆಯಲ್ಲಿ ಕೂರುತ್ತಾರೆ. ಶಾಯಿ ಕೊಳ್ಳಲು ಹೋದಾಗ ಅಕ್ಕ ಜೊತೆಗಿದ್ದು, ಇದು ಕೆರೆಯ ತಳದಂತಿದೆ, ಇದು ಸೀಬೆ ಎಲೆಯ ಬೆನ್ನಿನಂತಿದೆ ಎಂದು ವರ್ಣಿಸುತ್ತಾಳೆ. ಅವರು ತಲೆದೂಗಿ ಆರಿಸುತ್ತಾರೆ.

ಮೊನ್ನೆ ಅಂಗಡಿಯಿಂದ ಮರಳುವಾಗ, ಅಕ್ಕ ಮುಂದೆ ಹೋಗಲಿ ಎಂದು ಕಾದು, ಭಾವ ನನಗೊಂದು ಮಾತು ಹೇಳಿದರು. ಅದನ್ನು ಮೇಲಧಿಕಾರಿಗೆ ಬರೆದುಕೊಟ್ಟಿದ್ದಾರಂತೆ, ಅಕ್ಕನಿಗೆ ಮಾತ್ರ ಹೇಳಿಲ್ಲವಂತೆ. ಬಣ್ಣ ಕಾಣದೆ ಗಾಡಿ ಓಡಿಸುತ್ತಿದ್ದ ಆ ದಿನಗಳಲ್ಲೊಮ್ಮೆ, ಸಂಜೆ, ತಿರುವಿನಲ್ಲಿ ದೀಪವೊಂದು ಎದುರಾಯಿತು. ಸಹಾಯಕನಿಗೆ ಸೀನು ಬಂದಿತ್ತು, ಅವನು ಕೂಗಲಿಲ್ಲ. ಕಂಬವನ್ನು ಒಂದು ಕೊಂಬೆ ಅರ್ಧ ಮರೆಮಾಡಿತ್ತು. ಭಾವ ಕೈಯನ್ನು ಬ್ರೇಕಿನ ಮೇಲಿಟ್ಟರು, ಆದರೆ ಎಳೆಯಲಿಲ್ಲ. ಗಾಡಿ ದಾಟಿಹೋಯಿತು. ಏನೂ ಆಗಲಿಲ್ಲ.

“ಅದು ಯಾವ ಬಣ್ಣ ಇತ್ತು ಅಂತ ನಂಗೆ ಈಗ್ಲೂ ಗೊತ್ತಿಲ್ಲ ಕಣೋ,” ಎಂದರು.